ಕಾಳು ಹೆಚ್ಚಿದರೆ ಹಕ್ಕಿ ಹೆಚ್ಚುತ್ತವೆ, ಬಗೆ ಹೆಚ್ಚುವುದಿಲ್ಲ

(ದಾವಣಗೆರೆಯಲ್ಲಿ ಮನೆಯಂಗಳದ ಹಕ್ಕಿಗಳ ಬಗ್ಗೆ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಳತೆಗಳನ್ನು ಸ್ವಲ್ಪ ಬಿಡಿಸಿ ಬರೆದಿದ್ದೇವೆ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

ಎಲ್ಲರಿಗೂ ನಮಸ್ಕಾರ.

ಈ ಊರಲ್ಲಿ ಹಕ್ಕಿಗೆ ಏನು ಹಾಕುತ್ತೀರಿ ಅಂತ ಕೇಳಿದರೆ ಮೊದಲು ಬರುವ ಉತ್ತರ ಮಂಡಕ್ಕಿ. ಸಹಜವೇ. ಇದು ಭಟ್ಟಿಗಳ ಊರು, ಮನೆಯಲ್ಲಿ ಡಬ್ಬಿ ತುಂಬ ಮಂಡಕ್ಕಿ ಇರುತ್ತದೆ, ಮೆತ್ತಗಾದದ್ದನ್ನು ಮಾಳಿಗೆ ಮೇಲೆ ಚೆಲ್ಲುತ್ತೇವೆ. ಎರಡನೆಯ ಉತ್ತರ ರಾತ್ರಿ ಮಿಕ್ಕ ಅನ್ನ. ಮೂರನೆಯದು ಬಿತ್ತನೆಗೆಂದು ತಂದು ಉಳಿದ ಮೆಕ್ಕೆಜೋಳ. ಈ ಮೂರರಲ್ಲಿ ಒಂದು ದಂಡ, ಒಂದು ಗಲೀಜು, ಇನ್ನೊಂದು ವಿಷ. ಹಕ್ಕಿಗೆ ಏನು ಕೊಡಬೇಕು ಅನ್ನುವ ಮೊದಲು ಇವುಗಳ ಲೆಕ್ಕ ಮುಗಿಸಿಬಿಡೋಣ.

ಮಂಡಕ್ಕಿ ಮಾಡುವಾಗ ಅಕ್ಕಿಗೆ ಉಪ್ಪುನೀರು ಬೆರೆಸಿ, ಆಮೇಲೆ ಕಾದ ಮರಳಿನಲ್ಲಿ ಹುರಿಯುತ್ತಾರೆ. ಆ ಉಪ್ಪು ನಮ್ಮ ನಾಲಿಗೆಗೆ ಏನೂ ಅಲ್ಲ. ಗುಬ್ಬಚ್ಚಿಯ ತೂಕ ಸುಮಾರು 25 ಗ್ರಾಂ, ರಾಟವಾಳ (ಮುನಿಯಾ) ಹಕ್ಕಿಯದ್ದು ಅದರ ಅರ್ಧ. ಅಷ್ಟು ಸಣ್ಣ ಮೈಗೆ ಉಪ್ಪನ್ನು ಹೊರಹಾಕುವುದು ಕಷ್ಟ, ಅದರಲ್ಲೂ ನೀರು ಸಿಗದ ಏಪ್ರಿಲ್‌ನಲ್ಲಿ. ಉಪ್ಪಿನ ಮಾತು ಬಿಟ್ಟರೂ ಅದು ಗಾಳಿ ತುಂಬಿದ ಕಾಳು. ಹೊಟ್ಟೆ ತುಂಬುತ್ತದೆ, ಕಸುವು ಬರುವುದಿಲ್ಲ. ಖಾರ ಮಂಡಕ್ಕಿಯ ಮಾತಂತೂ ಬೇಡವೇ ಬೇಡ. ಅನ್ನ ನಮ್ಮ ಬಿಸಿಲಿಗೆ ಮಧ್ಯಾಹ್ನದೊಳಗೆ ಹಳಸಿ, ಕಾಗೆ, ಇರುವೆ, ರಾತ್ರಿಗೆ ಇಲಿ ಹೆಗ್ಗಣ ಇಷ್ಟನ್ನೂ ಕರೆಯುತ್ತದೆ. ಬ್ರೆಡ್ಡು, ಬಿಸ್ಕತ್ತಿನ ಪುಡಿಯೂ ಅದೇ ಸಾಲಿಗೆ. ಹಾಲಂತೂ ಹಕ್ಕಿಗೆ ಜೀರ್ಣವಾಗುವುದಿಲ್ಲ.

ಬಿತ್ತನೆ ಬೀಜದ ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಅಂಗಡಿಯಿಂದ ಬರುವ ಮೆಕ್ಕೆಜೋಳ, ಸೂರ್ಯಕಾಂತಿ, ಸಜ್ಜೆ ಬೀಜಕ್ಕೆ ಗುಲಾಬಿಯೋ ಹಸಿರೋ ಬಣ್ಣ ಇರುತ್ತದೆ. ಬೀಜೋಪಚಾರ ಆಗಿದೆ ಅನ್ನುವ ಗುರುತು ಅದು: ಶಿಲೀಂಧ್ರನಾಶಕ, ಕೆಲವಕ್ಕೆ ಕೀಟನಾಶಕವೂ ಸೇರಿರುತ್ತದೆ. ತೊಳೆದರೆ ಬಣ್ಣ ಹೋಗಬಹುದು, ಔಷಧಿ ಪೂರ್ತಿ ಹೋಗುವುದಿಲ್ಲ. ಅರ್ಧ ಪೊಟ್ಟಣ ಉಳಿಯಿತು, ಹಕ್ಕಿಗಾದರೂ ಆಗಲಿ ಅಂತ ಚೆಲ್ಲಬೇಡಿ. ಮನೆಯಲ್ಲಿ ಹುಳ ಹಿಡಿಯದಿರಲಿ ಎಂದು ಬೋರಿಕ್ ಪುಡಿ ಬೆರೆಸಿಟ್ಟ ಅಕ್ಕಿ, ಕಾಳು ಸಹ ಬೇಡ.

ಈಗ ಮುಖ್ಯ ಮಾತಿಗೆ ಬರೋಣ. ಮಾಳಿಗೆ ಮೇಲೆ ಸೇರುಗಟ್ಟಲೆ ಕಾಳು ಹಾಕುವ ಮನೆಗೆ ನೂರು ಹಕ್ಕಿ ಬರುತ್ತವೆ. ಎಣಿಸಿ ನೋಡಿದರೆ ಪಾರಿವಾಳ, ಕಾಗೆ, ಗೊರವಂಕ, ಅಷ್ಟೇ. ಮೂರು ಬಗೆ. ಪಕ್ಕದ ಬೀದಿಯಲ್ಲಿ ಒಂದು ಕಾಳೂ ಹಾಕದ ಮನೆ ಇರುತ್ತದೆ. ಹಿತ್ತಿಲಲ್ಲಿ ಕರಿಬೇವು, ನಿಂಬೆ, ದಾಸವಾಳ, ಬಚ್ಚಲ ನೀರು ಹರಿಯುವ ಒದ್ದೆ ಜಾಗ, ಮೂಲೆಯಲ್ಲಿ ತರಗೆಲೆ ಗುಡ್ಡೆ. ಅಲ್ಲಿ ಬೆಳಿಗ್ಗೆ ಒಂದು ತಾಸು ಕೂತರೆ ಹತ್ತು ಹನ್ನೆರಡು ಬಗೆ ಎಣಿಸಬಹುದು. ಪಿಕಳಾರ, ಹೂವಿನ ಜೇನು ಹೀರುವ ಸೂರಕ್ಕಿ, ಟುವ್ವಿ ಹಕ್ಕಿ, ಮಡಿವಾಳ, ಹರಟೆಮಲ್ಲ, ಬೆಳ್ಗಣ್ಣ, ಕಾಜಾಣ, ಮಟಪಕ್ಷಿ, ಕೋಗಿಲೆ. ಈ ಪಟ್ಟಿಯಲ್ಲಿ ಕಾಳನ್ನೇ ನಂಬಿ ಬದುಕುವ ಹಕ್ಕಿ ಒಂದೂ ಇಲ್ಲ, ಗಮನಿಸಿ. ಕಾಳು ಕರೆಯುವುದು ಕಾಳಿನ ಕೊಕ್ಕನ್ನು ಮಾತ್ರ. ಹಣ್ಣಿನ ಕೊಕ್ಕು ಬೇರೆ, ಜೇನಿನ ಕೊಕ್ಕು ಬೇರೆ, ಹುಳದ ಕೊಕ್ಕು ಬೇರೆ. ನಾಲ್ಕಕ್ಕೂ ಬೇಕಾದದ್ದು ನೀರು. ಹಾಗಾಗಿ ದುಡ್ಡಿರುವುದು ನೂರೇ ರೂಪಾಯಿ ಅಂದರೆ ಅದನ್ನು ಕಾಳಿಗೆ ಹಾಕಬೇಡಿ, ಕುಂಬಾರರ ಹತ್ತಿರ ಒಂದು ಅಗಲವಾದ ಮಣ್ಣಿನ ತಟ್ಟೆ ತನ್ನಿ.

ಮೊದಲು ನೀರು

ತಟ್ಟೆಯ ಬಾಯಿ 12ರಿಂದ 16 ಇಂಚು ಅಗಲ ಇರಲಿ. ಆಳ ಎರಡು ಇಂಚಿಗಿಂತ ಹೆಚ್ಚು ಬೇಡ. ಅಂಗಡಿಗಳಲ್ಲಿ ಹಕ್ಕಿ ನೀರಿಗೆಂದು ಮಾರುವ ಬಟ್ಟಲು ಬಹಳಷ್ಟು ಸಲ ನಾಲ್ಕೈದು ಇಂಚು ಆಳ, ಒಳಗೆ ಜಾರುವ ಹೊಳಪು. ಕಾಗೆಗೆ ಸರಿ, ಗುಬ್ಬಚ್ಚಿಗೆ ಅದು ಬಾವಿ. ಬಿದ್ದ ಮರಿ ಹತ್ತಲಾರದೆ ಮುಳುಗುತ್ತದೆ. ಅಂಥ ಬಟ್ಟಲು ಈಗಾಗಲೇ ಇದ್ದರೆ ಒಳಗೆ ಒರಟು ಕಲ್ಲು ಜೋಡಿಸಿ. ಒಂದು ಕಡೆ ಅರ್ಧ ಇಂಚು, ಇನ್ನೊಂದು ಕಡೆ ಒಂದೂವರೆ ಇಂಚು ನೀರು ನಿಲ್ಲುವಂತೆ ಇಳಿಜಾರು ಮಾಡಿ. ಮೆರುಗು ಹಾಕದ ಮಣ್ಣಿನ ತಟ್ಟೆ ಒರಟಾಗಿರುತ್ತದೆ, ಉಗುರು ಹಿಡಿಯುತ್ತದೆ, ಸ್ವಲ್ಪ ಜಿನುಗಿ ನೀರನ್ನು ತಂಪಾಗಿಡುತ್ತದೆ. ಸ್ಟೀಲು ತಟ್ಟೆ ನಮ್ಮ ಬೇಸಿಗೆಗೆ ಕಾದ ಹೆಂಚು.

ನೀರು ಕುಡಿಯುವುದನ್ನು ಹತ್ತಿರದಿಂದ ನೋಡಿದರೆ ಆಳದ ಲೆಕ್ಕ ತಾನೇ ಗೊತ್ತಾಗುತ್ತದೆ. ಪಿಕಳಾರ ಕೊಕ್ಕು ಅದ್ದಿ, ಒಂದು ಗುಟುಕು ತುಂಬಿಕೊಂಡು, ತಲೆ ಎತ್ತಿ ಗಂಟಲಿಗೆ ಇಳಿಸಿಕೊಳ್ಳುತ್ತದೆ. ಮತ್ತೆ ಅದ್ದುತ್ತದೆ, ಮತ್ತೆ ಎತ್ತುತ್ತದೆ. ಚೋರೆ ಹಕ್ಕಿ ಹಾಗಲ್ಲ. ದನ ನೀರು ಕುಡಿದ ಹಾಗೆ ಕೊಕ್ಕು ಮುಳುಗಿಸಿ ತಲೆ ಎತ್ತದೆ ಹೀರುತ್ತದೆ. ಅದಕ್ಕೆ ಒಂದಿಂಚು ಆಳ ಬೇಕು, ಬಾಕಿಯವಕ್ಕೆ ಅರ್ಧ ಇಂಚು ಸಾಕು. ಸೂರಕ್ಕಿ ತಟ್ಟೆಗೆ ಇಳಿಯುವುದು ಅಪರೂಪ. ಬೆಳಿಗ್ಗೆ ಗಿಡಕ್ಕೆ ನೀರು ಚಿಮುಕಿಸಿದಾಗ ಒದ್ದೆ ಎಲೆಯ ಮೇಲೆ ಮೈ ಉಜ್ಜಿ ಸ್ನಾನ ಮುಗಿಸುತ್ತದೆ. ದಾಸವಾಳದ ಎಲೆಗೆ ದಿನಾ ಒಂದು ಚೊಂಬು ನೀರು ಎರಚಿದರೆ ಅದಕ್ಕೂ ಒಂದು ಬಚ್ಚಲು ಮಾಡಿಕೊಟ್ಟಂತೆ.

ತಟ್ಟೆ ಇಡುವ ಜಾಗ: ನೆಲದಿಂದ ಮೂರು ಅಡಿ ಎತ್ತರ, ಮಧ್ಯಾಹ್ನದ ನೆರಳು, ಹತ್ತಿರದ ಪೊದೆಯಿಂದ ಏಳೆಂಟು ಅಡಿ ದೂರ. ಇದಕ್ಕಿಂತ ಹತ್ತಿರವಾದರೆ ಪೊದೆಯಲ್ಲಿ ಬೆಕ್ಕು ಹೊಂಚುತ್ತದೆ. ತೀರಾ ಬಯಲಾದರೆ ಶಿಕ್ರಾ ಎಂಬ ಸಣ್ಣ ಗಿಡುಗ ಎರಗಿದಾಗ ಒದ್ದೆ ರೆಕ್ಕೆಯ ಹಕ್ಕಿಗೆ ಓಡಲು ಮರೆ ಇರುವುದಿಲ್ಲ. ಕಂಬದ ಬುಡಕ್ಕೆ ಜಾಲಿ ಮುಳ್ಳಿನ ಕಂಟಿ ಸುತ್ತಿಬಿಡಿ. ಬೆಕ್ಕಿಗೆ ಅದಕ್ಕಿಂತ ಅಗ್ಗದ ಬೇಲಿ ಇಲ್ಲ.

ತಟ್ಟೆ ಇಟ್ಟು ವಾರವಾದರೂ ಹಕ್ಕಿ ಬರಲಿಲ್ಲ ಅನ್ನುವವರಿಗೆ ಒಂದು ಉಪಾಯ. ಒಂದು ಲೀಟರಿನ ಬಾಟಲಿಯ ತಳಕ್ಕೆ ಸೂಜಿಯಿಂದ ಒಂದೇ ತೂತು ಮಾಡಿ, ತಟ್ಟೆಯ ಮೇಲೆ ಎರಡಡಿ ಎತ್ತರದಲ್ಲಿ ತೂಗುಹಾಕಿ. ಮುಚ್ಚಳ ಬಿಗಿದಷ್ಟೂ ಹನಿ ನಿಧಾನ, ಸಡಿಲಿಸಿದಷ್ಟೂ ಬೇಗ. ಮೂರ್ನಾಲ್ಕು ಸೆಕೆಂಡಿಗೊಂದು ಹನಿ ಬೀಳುವಂತೆ ಮಾಡಿಕೊಳ್ಳಿ. ನಿಂತ ನೀರು ಕಣ್ಣಿಗೆ ಬೀಳದಿದ್ದರೂ ಬೀಳುವ ಹನಿಯ ಸದ್ದು, ಮಿನುಗು ಹಕ್ಕಿಗೆ ದೂರದಿಂದಲೇ ತಿಳಿಯುತ್ತದೆ. ಚಳಿಗಾಲದ ವಲಸೆ ಹಕ್ಕಿಗಳು, ಎಲೆಮರೆಯಲ್ಲೇ ಹುಳ ಹುಡುಕುವ ಸಣ್ಣ ಉಲಿಯಕ್ಕಿಗಳು, ಕಾಳಿಗೂ ಹಣ್ಣಿಗೂ ಬರುವುದಿಲ್ಲ, ಹನಿಗೆ ಬರುತ್ತವೆ.

ನೀರು ದಿನಾ ಚೆಲ್ಲಿ ಹೊಸದು ತುಂಬಬೇಕು. ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ನಮ್ಮ ಬಿಸಿಲಲ್ಲಿ ಒಂದು ವಾರ, ಹತ್ತು ದಿನ ಸಾಕು. ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆ ನೀರಿನ ಅಂಚಿಗೆ, ಪಾತ್ರೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಬರೀ ನೀರು ಚೆಲ್ಲಿದರೆ ಅದು ಅಲ್ಲೇ ಉಳಿಯುತ್ತದೆ. ತೆಂಗಿನ ನಾರು ಹಾಕಿ ಅಂಚನ್ನು ತಿಕ್ಕಿ. ಸೋಪು ಬೇಡ. ವಾರಕ್ಕೊಮ್ಮೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ತೊಳೆದು, ವಾಸನೆ ಹೋಗುವಷ್ಟು ಜಾಲಾಡಿಸಿ, ಬಿಸಿಲಿಗೆ ಪೂರ್ತಿ ಒಣಗಿಸಿ ಮತ್ತೆ ತುಂಬಿ. ಎರಡು ತಟ್ಟೆ ಇದ್ದರೆ ಒಂದು ಒಣಗುವಾಗ ಇನ್ನೊಂದು ಕೆಲಸ ಮಾಡುತ್ತದೆ.

ನೀರಿನ ಪಕ್ಕದಲ್ಲೇ ಒಂದು ಬಾಣಲೆಯಷ್ಟು ಜಾಗದಲ್ಲಿ ಎರಡಿಂಚು ಆಳಕ್ಕೆ ನಯವಾದ ಒಣ ಕೆಮ್ಮಣ್ಣು ಹಾಕಿಡಿ. ಗುಬ್ಬಚ್ಚಿ ಮಣ್ಣಿನಲ್ಲಿ ಹೊರಳಿ ಪುಕ್ಕದ ಹೇನು ಕಳೆದುಕೊಳ್ಳುತ್ತದೆ. ಅಂಗಳಕ್ಕೆಲ್ಲ ಟೈಲ್ಸು, ಸಿಮೆಂಟು ಬಡಿದ ಮೇಲೆ ಆ ಧೂಳೂ ಊರೊಳಗೆ ಸಿಗದಾಯಿತು.

ಕಾಳು, ಸಣ್ಣದೇ ಇರಲಿ

ಕಾಳು ಹಾಕಲೇಬಾರದು ಅಂತೇನಿಲ್ಲ. ಯಾವ ಕಾಳು, ಎಷ್ಟು, ಯಾವುದರಲ್ಲಿ ಅನ್ನುವುದು ಮುಖ್ಯ. ಗೋಧಿ, ಇಡೀ ಜೋಳ, ಮೆಕ್ಕೆಜೋಳ ಅಂದರೆ ಪಾರಿವಾಳಕ್ಕೆ ಆಮಂತ್ರಣ ಪತ್ರಿಕೆ. ನವಣೆ, ಸಾಮೆ, ಸಜ್ಜೆ ಅಂದರೆ ರಾಟವಾಳ, ಗುಬ್ಬಚ್ಚಿ, ಗೀಜಗ. ಹೊಸದುರ್ಗ, ಚಳ್ಳಕೆರೆ ಕಡೆಯ ನವಣೆ ನಮಗೆ ಸುಲಭವಾಗಿ ಸಿಗುತ್ತದೆ. ಸಿಪ್ಪೆ ಸಹಿತ ಇರುವುದನ್ನೇ ಕೇಳಿ ತನ್ನಿ. ಅಡುಗೆಗೆ ಪಾಲಿಶ್ ಮಾಡಿದ್ದು ಬೇಗ ಮುಗ್ಗುತ್ತದೆ. ಎರಡು ಪಾಲು ನವಣೆ, ಒಂದು ಪಾಲು ಸಜ್ಜೆ ಬೆರೆಸಿದರೆ ಸಣ್ಣ ಕೊಕ್ಕಿನವಕ್ಕೆಲ್ಲ ಆಯಿತು. ತೆನೆ ಸಮೇತ ಭತ್ತ ಸಿಕ್ಕರೆ, ಅದನ್ನು ಗೊಂಚಲು ಕಟ್ಟಿ ಪಡಸಾಲೆಯಲ್ಲಿ ತೂಗುಹಾಕುವ ಹಳೆಯ ಪದ್ಧತಿಗಿಂತ ಒಳ್ಳೆಯ ಫೀಡರ್ ಇಲ್ಲ. ತೂಗಾಡುವ ತೆನೆಗೆ ಗುಬ್ಬಿ, ರಾಟವಾಳ ಜೋತುಬೀಳುತ್ತವೆ. ಪಾರಿವಾಳಕ್ಕೆ ಆ ಸರ್ಕಸ್ಸು ಬರುವುದಿಲ್ಲ.

ರಾಟವಾಳಕ್ಕೆ ಬಾಟಲಿ ಫೀಡರ್ ಮಾಡುವುದು ಹೀಗೆ. ಒಂದು ಲೀಟರಿನ ನೀರಿನ ಬಾಟಲಿ ತೆಗೆದುಕೊಳ್ಳಿ. ತಳದಿಂದ ಎರಡು ಇಂಚು ಮೇಲೆ ಎದುರು ಬದುರು ತೂತು ಕೊರೆದು ಒಂದು ಬಿದಿರು ಕಡ್ಡಿ ಅಡ್ಡ ತೂರಿಸಿ. ಕಡ್ಡಿ ಊದಿನಕಡ್ಡಿಗಿಂತ ದಪ್ಪ, ಪೆನ್ಸಿಲಿಗಿಂತ ತೆಳು ಇರಲಿ. ಎರಡೂ ಕಡೆ ಎರಡೇ ಇಂಚು ಹೊರಚಾಚಲಿ. ಇದಕ್ಕಿಂತ ಉದ್ದ ಬಿಟ್ಟರೆ ಗೊರವಂಕ ಬಂದು ಕೂರುತ್ತದೆ. ಕಡ್ಡಿಯಿಂದ ಒಂದೂವರೆ ಇಂಚು ಮೇಲೆ ಕಾಳು ತಿನ್ನುವ ಕಿಂಡಿ. ಇಲ್ಲೇ ಬಹಳ ಜನ ಎಡವುವುದು. ಸುಮ್ಮನೆ ದುಂಡಗೆ ತೂತು ಮಾಡಿದರೆ ನವಣೆ ನೀರಿನ ಹಾಗೆ ಸುರಿದು ಹತ್ತು ನಿಮಿಷದಲ್ಲಿ ಬಾಟಲಿ ಖಾಲಿ, ಕೆಳಗೆ ಪಾರಿವಾಳಕ್ಕೆ ಮೃಷ್ಟಾನ್ನ. ಬದಲಿಗೆ ಒಂದು ಸೆಂಟಿಮೀಟರ್ ಎತ್ತರ, ಒಂದೂವರೆ ಸೆಂಟಿಮೀಟರ್ ಅಗಲದ ಚೌಕದಲ್ಲಿ ಕೆಳಗಿನ ಅಂಚು, ಎರಡು ಪಕ್ಕದ ಅಂಚು ಮಾತ್ರ ಕತ್ತರಿಸಿ. ಮೇಲಿನ ಅಂಚು ಹಾಗೇ ಇರಲಿ. ಆ ರೆಪ್ಪೆಯನ್ನು ಒಳಕ್ಕೆ ಮಡಚಿ. ಅದು ಒಳಗಡೆ ಸಣ್ಣ ಮಾಡಿನಂತೆ ನಿಂತು, ಮೇಲಿನ ಕಾಳಿನ ಭಾರ ಕಿಂಡಿಯ ಮೇಲೆ ಬೀಳದಂತೆ ತಡೆಯುತ್ತದೆ. ಕಾಳು ಕಿಂಡಿಯ ಬಾಯಲ್ಲಿ ಗುಡ್ಡೆ ನಿಲ್ಲುತ್ತದೆ, ಹಕ್ಕಿ ತಿಂದಷ್ಟೇ ಇಳಿಯುತ್ತದೆ. ಕತ್ತರಿಸಿದ ಅಂಚಿಗೆ ಉರಿಯುವ ಊದಿನಕಡ್ಡಿ ತಾಗಿಸಿ ನಯ ಮಾಡಿ, ಇಲ್ಲದಿದ್ದರೆ ಹಕ್ಕಿಯ ಮುಖಕ್ಕೆ ಗೀರುತ್ತದೆ. ತಳಕ್ಕೆ ಸೂಜಿಯಿಂದ ಐದಾರು ತೂತು, ಮಳೆನೀರು ಇಳಿಯಲಿಕ್ಕೆ. ಕೊರಳಿಗೆ ತಂತಿ ಅಥವಾ ತೆಂಗಿನ ಹುರಿ ಕಟ್ಟಿ ತೂಗುಹಾಕಿ. ನೈಲಾನ್ ದಾರ, ಗಾಳಿಪಟದ ದಾರ ಬಳಸಬೇಡಿ, ಕಾಲು ಸಿಕ್ಕಿಬೀಳುತ್ತದೆ. ಬಿಸಿಲಿಗೆ ಬಾಟಲಿ ಮೂರ್ನಾಲ್ಕು ತಿಂಗಳಲ್ಲಿ ಗಡಸಾಗಿ ಸೀಳುತ್ತದೆ. ಆಗ ಎಸೆದು ಹೊಸದು ಮಾಡಿಕೊಳ್ಳಿ.

ಗುಬ್ಬಚ್ಚಿಗೆ ತಟ್ಟೆ ವಾಸಿ. 12 ಇಂಚಿಗೆ 18 ಇಂಚಿನ ಮರದ ಚೌಕಟ್ಟು, ಅಂಚು ಒಂದು ಇಂಚು. ತಳಕ್ಕೆ ಹಲಗೆ ಬಡಿಯಬೇಡಿ, ಕಿಟಕಿಗೆ ಹಾಕುವ ಸೊಳ್ಳೆ ಜಾಲರಿ ಬಿಗಿದು ಅದರ ಕೆಳಗೆ ಆಧಾರಕ್ಕೆ ದಪ್ಪ ಜಾಲರಿ ಕೊಡಿ. ಒದ್ದೆಯಾದರೂ ಗಾಳಿಯಾಡಿ ಒಣಗುತ್ತದೆ. ಪಾರಿವಾಳದ ಕಾಟ ಇರುವ ಕಡೆ ತಟ್ಟೆಯ ಸುತ್ತ, ಮೇಲೂ ಸೇರಿ, ಒಂದೂವರೆ ಇಂಚು ಚೌಕದ ಬೆಸುಗೆ ಜಾಲರಿಯ ಪಂಜರ ಮಾಡಿ. ಪಂಜರದ ಗೋಡೆಗೂ ಕಾಳಿಗೂ ಐದು ಇಂಚು ಅಂತರ ಇರಬೇಕು, ಇಲ್ಲದಿದ್ದರೆ ಪಾರಿವಾಳ ಹೊರಗಿನಿಂದಲೇ ಕತ್ತು ಚಾಚುತ್ತದೆ. ಗುಬ್ಬಿ, ರಾಟವಾಳ ಸಲೀಸಾಗಿ ಒಳಗೆ ಹೋಗುತ್ತವೆ. ಗೊರವಂಕ, ಪಾರಿವಾಳ, ಕಾಗೆ ಹೊರಗೆ. ಅಳಿಲು ಮಾತ್ರ ಇದಕ್ಕೂ ಬಗ್ಗುವುದಿಲ್ಲ. ಅದಕ್ಕೆ ಕಂಬಕ್ಕೆ ನಾಲ್ಕು ಇಂಚಿನ ಪಿವಿಸಿ ಪೈಪನ್ನು ಅಂಗಿಯಂತೆ ತೊಡಿಸಬೇಕು, ಮರ, ಗೋಡೆ, ಟೆರೇಸಿನಿಂದ ಎಂಟಡಿ ದೂರ ಇಡಬೇಕು. ಅಷ್ಟು ಜಾಗ ಎಷ್ಟು ಮನೆಗಿದೆ? ಅಳಿಲಿಗೂ ಒಂದು ಹಿಡಿ ಪಾಲು ಅಂದುಕೊಳ್ಳುವುದು ಮನಸ್ಸಿಗೆ ಸುಲಭ.

ಪಾರಿವಾಳದ ಬಗ್ಗೆ ಇಷ್ಟೇಕೆ ಹೇಳುತ್ತೇವೆ ಅಂದರೆ, ಅವು ಒಮ್ಮೆ ನೆಲೆಯಾದರೆ ಸಜ್ಜದ ಮೇಲೆ, ಎಸಿ ಪೆಟ್ಟಿಗೆಯ ಹಿಂದೆ ಗೂಡು ಕಟ್ಟಿ ವರ್ಷವಿಡೀ ಮರಿ ಮಾಡುತ್ತವೆ. ಒಣಗಿದ ಹಿಕ್ಕೆಯ ಧೂಳು ದಿನಾ ಉಸಿರಿಗೆ ಸೇರಿದರೆ ಕೆಲವರಿಗೆ ಶ್ವಾಸಕೋಶದ ಗಂಭೀರ ಅಲರ್ಜಿ ಕಾಯಿಲೆ ಬರುತ್ತದೆ. ಪಕ್ಕದ ಮನೆಯವರು ಜಗಳಕ್ಕೆ ಬಂದರೆ ನ್ಯಾಯ ಅವರ ಕಡೆಗಿರುತ್ತದೆ. ಈಗಾಗಲೇ ಅಭ್ಯಾಸ ಆಗಿಹೋಗಿದ್ದರೆ ಮೂರು ವಾರ ಕಾಳು ಪೂರ್ತಿ ನಿಲ್ಲಿಸಿ, ನೀರು ಮಾತ್ರ ಇಡಿ. ಆಮೇಲೆ ತೂಗುವ ಬಾಟಲಿಯಿಂದ ಮತ್ತೆ ಶುರುಮಾಡಿ.

ಅಳತೆ: ಬೆಳಿಗ್ಗೆ 50 ಗ್ರಾಂ, ಸಂಜೆ ನಾಲ್ಕೂವರೆ ಮೇಲೆ 50 ಗ್ರಾಂ. ಒಂದೊಂದು ಹೊತ್ತಿನದು ಎರಡು ತಾಸಿನಲ್ಲಿ ಮುಗಿಯಬೇಕು. ಮುಗಿಯದಿದ್ದರೆ ಮರುದಿನ ಕಡಿಮೆ ಮಾಡಿ. ತಟ್ಟೆ ತುಂಬ ಕಾಳಿದೆ, ಹಕ್ಕಿ ಮುಟ್ಟಿಲ್ಲ ಅಂತ ಹೇಳುವವರು ಒಂದು ಸಲ ಊದಿ ನೋಡಿ. ರಾಟವಾಳ ನವಣೆಯ ಕಾಳನ್ನು ಕೊಕ್ಕಿನಲ್ಲಿ ತಿರುಗಿಸಿ ಸಿಪ್ಪೆ ಸುಲಿದು ಒಳಗಿನದನ್ನಷ್ಟೇ ನುಂಗುತ್ತದೆ. ಸಿಪ್ಪೆ ಅಲ್ಲೇ ಬೀಳುತ್ತದೆ, ದೂರಕ್ಕೆ ಥೇಟ್ ಕಾಳಿನಂತೆಯೇ ಕಾಣುತ್ತದೆ. ಊದಿದರೆ ಅರ್ಧ ತಟ್ಟೆ ಹಾರಿಹೋಗುತ್ತದೆ. ಸಿಪ್ಪೆಯ ಮೇಲೇ ಹೊಸ ಕಾಳು ಸುರಿಯುತ್ತ ಹೋದರೆ ತಳದಲ್ಲಿ ಬೂಷ್ಟು ಕಟ್ಟುತ್ತದೆ.

ಬೂಷ್ಟಿನ ಭಯ ಹೆಚ್ಚಿರುವುದು ಶೇಂಗಾಕ್ಕೆ. ಚಳ್ಳಕೆರೆಯ ಶೇಂಗಾ ನಮ್ಮ ಜಿಲ್ಲೆಗಳ ಹೆಮ್ಮೆ, ಗಿಳಿ, ಮಟಪಕ್ಷಿ ಎರಡಕ್ಕೂ ಪ್ರೀತಿ. ಆದರೆ ಸರಿಯಾಗಿ ಒಣಗದ ಶೇಂಗಾದಲ್ಲಿ ಬೆಳೆಯುವ ಹಸಿರು ಬೂಷ್ಟು ಅಫ್ಲಾಟಾಕ್ಸಿನ್ ಎನ್ನುವ ವಿಷ ಬಿಡುತ್ತದೆ. ಹಕ್ಕಿಯ ಪಿತ್ತಜನಕಾಂಗಕ್ಕೆ ಅದು ನೇರ ಏಟು. ಆರಿಸಿ ತೆಗೆದ ಕಪ್ಪು, ಸುಕ್ಕು ಬೀಜವನ್ನು ಹಕ್ಕಿಗೆ ಅಂತ ಎತ್ತಿಡುವುದು ನಮ್ಮ ಅಭ್ಯಾಸ. ಬಿಡಬೇಕಾದದ್ದು ಅದನ್ನೇ. ನೀವು ತಿನ್ನುವಂಥದ್ದನ್ನೇ ಹಾಕಿ: ಚೆನ್ನಾಗಿ ಒಣಗಿದ್ದು, ಹುರಿಯದ್ದು, ಉಪ್ಪಿಲ್ಲದ್ದು, ಕಾಲು ಭಾಗವಾಗಿ ಒಡೆದದ್ದು. ಮರಿಗೆ ಗುಟುಕು ಕೊಡುವ ತಿಂಗಳುಗಳಲ್ಲಿ ಇಡೀ ಬೀಜ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಚಿತ್ರದುರ್ಗದವರಿಗೆ ಒಂದು ಬೇರೆ ಮಾತು. ಕೋಟೆಯ ಸುತ್ತಿನ ಬಡಾವಣೆಗಳಲ್ಲಿ ಶೇಂಗಾ, ಬಾಳೆಹಣ್ಣು ಹೊರಗಿಟ್ಟರೆ ಮೊದಲು ಬರುವವರು ಮಂಗಗಳು. ಆಮೇಲೆ ಹೆಂಚೂ ಇಲ್ಲ, ಟ್ಯಾಂಕಿನ ಮುಚ್ಚಳವೂ ಇಲ್ಲ. ಅಲ್ಲಿ ನೀರು, ನವಣೆಯ ಬಾಟಲಿ, ಗಿಡ, ಈ ಮೂರೇ ಸಾಕು.

ಹಣ್ಣು, ಹೂವು, ಕಂಟಿ

ಹಣ್ಣಿಡಲು ದೊಡ್ಡ ಏರ್ಪಾಟು ಬೇಡ. ಒಂದಡಿ ಹಲಗೆಗೆ ಕೆಳಗಿನಿಂದ ಎರಡು ಮೊಳೆ ಬಡಿದು, ಮೇಲೆ ಬಂದ ಮೊನೆಗೆ ಪಪ್ಪಾಯಿಯ ಹೋಳು, ಬಾಳೆಹಣ್ಣಿನ ಅರ್ಧ ಚುಚ್ಚಿ. ಮೊನೆ ಹಣ್ಣಿನಿಂದ ಹೊರಗೆ ಕಾಣಬಾರದು. ಪಪ್ಪಾಯಿಯ ಬೀಜ ತೆಗೆಯಬೇಡಿ. ಕೆಮ್ಮೀಸೆ ಪಿಕಳಾರ ಮೊದಲು, ಆಮೇಲೆ ಕೆಂಪು ಬಾಲದಡಿಯದು, ಬಳಿಕ ಬೆಳ್ಗಣ್ಣ, ಕೋಗಿಲೆ. ಸಂಜೆ ಐದಕ್ಕೆ ಉಳಿದದ್ದನ್ನು ತೆಗೆದು ಗೊಬ್ಬರದ ಗುಂಡಿಗೆ ಹಾಕಿಬಿಡಿ, ಇಲ್ಲವಾದರೆ ರಾತ್ರಿ ಬಾವಲಿ, ಬೆಳಿಗ್ಗೆ ನೊಣ. ಇರುವೆಗೆ ತೂಗುವ ತಂತಿಗೆ ಬೆರಳಗಲ ಗ್ರೀಸು ಸವರಿ; ಹಕ್ಕಿಯ ಮೈಗೆ ತಾಗದಷ್ಟು ಮೇಲೆ.

ಸೂರಕ್ಕಿಗೆ ಸಕ್ಕರೆ ನೀರಿನ ಫೀಡರ್ ತರಿಸಿಕೊಳ್ಳುವವರು ಈಗ ಹೆಚ್ಚಾಗಿದ್ದಾರೆ. ಅವು ಅಮೆರಿಕ ಖಂಡಗಳಲ್ಲಷ್ಟೇ ಇರುವ ಝೇಂಕಾರದ ಹಕ್ಕಿಗೆ (ಹಮ್ಮಿಂಗ್‌ಬರ್ಡ್) ಮಾಡಿದವು. ಅದು ಗಾಳಿಯಲ್ಲಿ ನಿಂತು ಹೀರುತ್ತದೆ, ನಮ್ಮ ಸೂರಕ್ಕಿಗೆ ಕೂರಲು ಕಡ್ಡಿ ಬೇಕು. ಇಡಲೇಬೇಕು ಅಂದರೆ ಒಂದು ಪಾಲು ಬಿಳಿ ಸಕ್ಕರೆಗೆ ನಾಲ್ಕು ಪಾಲು ನೀರು, ಕುದಿಸಿ ಆರಿಸಿದ್ದು, ಬಣ್ಣ ಬೆರೆಸದೆ. ಬೆಲ್ಲ ಬೇಡ, ಜೇನು ಬೇಡ. ಜೇನು ನೀರು ಬೇಗ ಹುಳಿಯುತ್ತದೆ. ಬೇಸಿಗೆಯಲ್ಲಿ ದಿನಾ ಬದಲಿಸಬೇಕು. ನಮ್ಮ ಕಣ್ಣಿಗೆ ಇದು ವ್ಯರ್ಥ ಕೆಲಸ. ಅದೇ ದುಡ್ಡಿಗೆ ನರ್ಸರಿಯಿಂದ ಹಮೇಲಿಯಾ ಗಿಡ ತಂದು ನೆಟ್ಟರೆ ವರ್ಷದ ಬಹುಪಾಲು ಕಿತ್ತಳೆ ಬಣ್ಣದ ಕೊಳವೆ ಹೂ, ಆಮೇಲೆ ಪಿಕಳಾರಕ್ಕೆ ಹಣ್ಣು. ದಾಸವಾಳದಲ್ಲಿ ಸುತ್ತು ದಳದ್ದು ನೋಡಲು ಚೆಂದ, ಸೂರಕ್ಕಿಗೆ ಉಪಯೋಗ ಕಡಿಮೆ. ಐದೆಸಳಿನ ಕೆಂಪು ದಾಸವಾಳವೇ ಇರಲಿ. ಆಡುಸೋಗೆ, ನುಗ್ಗೆ, ಬಾಳೆ, ಹಾಲವಾಣ, ಇವೆಲ್ಲ ಸೂರಕ್ಕಿಯ ಅಂಗಡಿಗಳು.

30-40 ಸೈಟಿನಲ್ಲಿ ಮನೆ ಕಟ್ಟಿದ ಮೇಲೆ ಉಳಿಯುವುದು ಹಿಂದೆ ಆರಡಿ, ಮುಂದೆ ಐದಡಿ. ಅಷ್ಟರಲ್ಲಿ ಏನು ನೆಡುವುದು? ಹಿಂದೆ ಒಂದು ಕರಿಬೇವು, ಒಂದು ನಿಂಬೆ. ಕರಿಬೇವು ಹೂಬಿಟ್ಟು ಹಣ್ಣಾಗಲು ಬಿಡಿ, ಮಗ್ಗುಲಿನ ಚಿಗುರನ್ನಷ್ಟೇ ಒಗ್ಗರಣೆಗೆ ಕೀಳಿ. ಕಪ್ಪು ಹಣ್ಣಿಗೆ ಕೋಗಿಲೆ, ಪಿಕಳಾರ ಕಾದು ಕೂರುತ್ತವೆ. ನಿಂಬೆಯ ಮುಳ್ಳಿನೊಳಗೆ ಪಿಕಳಾರ ಗೂಡು ಕಟ್ಟುತ್ತದೆ, ಬೆಕ್ಕು ಹತ್ತಲಾರದು. ಮುಂದೆ ಹಮೇಲಿಯಾ, ದಾಸವಾಳ. ಬೀದಿ ಬದಿಯಲ್ಲಿ ಜಾಗ ಇದ್ದರೆ ಗಸಗಸೆ ಹಣ್ಣಿನ ಮರ. ಎರಡೇ ವರ್ಷಕ್ಕೆ ಹಣ್ಣು ಬಿಡುತ್ತದೆ, ನಿಲ್ಲಿಸುವುದೂ ಇಲ್ಲ. ಬದನಿಕೆ ಹಕ್ಕಿ, ಕಂಚುಗಾರ, ಪಿಕಳಾರ, ಕೋಗಿಲೆ ಎಲ್ಲಕ್ಕೂ ಅದೊಂದು ಛತ್ರ. ಕೊಂಬೆ ಮೆದು, ಗಾಳಿಗೆ ಮುರಿಯುತ್ತದೆ. ಕಾರು ನಿಲ್ಲಿಸುವ ಕಡೆ, ವಿದ್ಯುತ್ ತಂತಿ ಕೆಳಗೆ ಬೇಡ. ಅತ್ತಿ, ಅರಳಿ, ಬಸರಿಯನ್ನು ಆಸೆಪಟ್ಟು ಮನೆ ಪಕ್ಕ ನೆಟ್ಟು ಪಾಯ ಒಡೆಸಿಕೊಳ್ಳಬೇಡಿ.

ತೋಟದ ಮನೆ, ಹಳ್ಳಿಯ ಕಣ ಇರುವವರು ಬೇಲಿಗೆ ತಂತಿ ಎಳೆಯುವ ಮೊದಲು ಕವಳಿ, ಕಾರೆ, ಮದರಂಗಿ ನೆನಪಿಸಿಕೊಳ್ಳಿ. ಜೋಗಿಮಟ್ಟಿಯ ಕುರುಚಲಿನಲ್ಲಿ, ಜಗಳೂರಿನ ರಂಗಯ್ಯನದುರ್ಗದ ಕಡೆ ಹಕ್ಕಿ ತುಂಬಿರುವುದು ದೊಡ್ಡ ಮರಗಳಿಂದಲ್ಲ, ಈ ಮುಳ್ಳುಕಂಟಿಗಳಿಂದ. ಎದೆಯೆತ್ತರದ ಒತ್ತಾದ ಮುಳ್ಳುಬೇಲಿ ಹತ್ತು ಅಡಿ ಉದ್ದ ಇದ್ದರೂ ಬಿಳಿ ಹುಬ್ಬಿನ ಪಿಕಳಾರ, ಚಿಟ್ಟುಮಡಿವಾಳ, ರಾಟವಾಳಗಳಿಗೆ ಮನೆಯಾಗುತ್ತದೆ. ಲಂಟಾನ ಮಾತ್ರ ಬೇಡ, ಹಕ್ಕಿಗಳೇ ಅದರ ಬೀಜವನ್ನು ಗುಡ್ಡಕ್ಕೆ ಒಯ್ದು ಹರಡುತ್ತವೆ.

ಇನ್ನು ಹುಳ. ಇದನ್ನು ತಟ್ಟೆಯಲ್ಲಿ ಇಡಲಾಗದು, ಬೆಳೆಯಲು ಬಿಡಬೇಕು. ಗುಬ್ಬಚ್ಚಿ ಕಾಳು ತಿನ್ನುವ ಹಕ್ಕಿ ನಿಜ, ಆದರೆ ಮೊಟ್ಟೆಯೊಡೆದ ಮರಿಗೆ ಮೊದಲ ದಿನಗಳಲ್ಲಿ ಕೊಡುವುದು ಹಸಿರು ಹುಳ, ಜೇಡ, ಮಿಡತೆ. ಸೂರಕ್ಕಿಯೂ ಹಾಗೆಯೇ. ದಾಸವಾಳಕ್ಕೆ ಬಿಳಿ ತಿಗಣೆ ಬಂತು ಅಂತ ಔಷಧಿ ಹೊಡೆದ ಹಿತ್ತಿಲಲ್ಲಿ ಎಷ್ಟು ನವಣೆ ಸುರಿದರೂ ಮರಿ ಉಳಿಯುವುದಿಲ್ಲ. ತಿಗಣೆಗೆ ನೀರಿನ ಜೋರು ಪಿಚಕಾರಿ ಸಾಕು. ಉದುರಿದ ಎಲೆಯನ್ನು ದಿನಾ ಗುಡಿಸಿ ಸುಡುವ ಬದಲು ಮೂಲೆಯಲ್ಲಿ ಅರ್ಧ ಅಡಿ ದಪ್ಪ ಪೇರಿಸಿ, ವಾರಕ್ಕೆರಡು ಸಲ ನೀರು ಚಿಮುಕಿಸಿ. ಹರಟೆಮಲ್ಲಗಳ ಗುಂಪು ಬಂದು ಒಂದೊಂದೇ ಎಲೆ ಎತ್ತಿ ಎಸೆಯುತ್ತ ಬೈದಾಡುವುದನ್ನು ಆಗ ನೋಡಬೇಕು. ಗೊಬ್ಬರದ ತಿಪ್ಪೆ ಇದ್ದರೆ ಮಡಿವಾಳ, ಚಂದ್ರಮುಕುಟ.

ಕೆಡುವುದು ಎಲ್ಲಿ

ಗೂಡುಪೆಟ್ಟಿಗೆಯ ಬಗ್ಗೆ ಚುಟುಕಾಗಿ. ಹಿಂದೆ ಮಾಳಿಗೆ ಮನೆಯ ಜಂತೆ ಸಂದಿನಲ್ಲಿ ಗುಬ್ಬಿಗೆ ಜಾಗ ಇತ್ತು, ಆರ್‌ಸಿಸಿ ತಾರಸಿಯಲ್ಲಿ ಸಂದಿಲ್ಲ. ಮರದ ಪೆಟ್ಟಿಗೆಗೆ ತಳ ಆರು ಇಂಚು ಚೌಕ, ಎತ್ತರ ಎಂಟು ಇಂಚು, ಬಾಯಿ 32 ಮಿಲಿಮೀಟರ್. ಬಾಯಿ ಇದಕ್ಕಿಂತ ದೊಡ್ಡದಾದರೆ ಗೊರವಂಕ ಆಕ್ರಮಿಸುತ್ತದೆ. ಬಾಯಿಯ ಮುಂದೆ ಕಡ್ಡಿ ಬೇಡ, ಅದು ಕಾಗೆಗೆ ಆಸನ. ಹತ್ತಡಿ ಎತ್ತರ, ಸಜ್ಜದ ಕೆಳಗೆ, ಪಡುವಣ ಬಿಸಿಲು ತಾಗದ ಗೋಡೆ. ಗುಬ್ಬಿ ಗುಂಪಿನ ಹಕ್ಕಿ, ಎರಡಡಿಗೊಂದರಂತೆ ಮೂರು ಪೆಟ್ಟಿಗೆ ಹಾಕಿದರೆ ನೆಲೆಯಾಗುವ ಸಂಭವ ಹೆಚ್ಚು. ಎಣ್ಣೆ ಡಬ್ಬಿ, ತಗಡು ಬೇಡ, ಒಳಗೆ ಮರಿ ಬೇಯುತ್ತವೆ. ಮೊಟ್ಟೆಯಿಡುವ ಕಾಲದಲ್ಲಿ ತವೆಯ ಮೇಲೆ ಹತ್ತು ನಿಮಿಷ ಬಿಸಿಮಾಡಿ ಪುಡಿಮಾಡಿದ ಕೋಳಿಮೊಟ್ಟೆ ಚಿಪ್ಪನ್ನು ಒಂದು ಚಮಚ ಇಟ್ಟರೆ ಸುಣ್ಣದಂಶಕ್ಕೆ ಆಯಿತು.

ಕಿಟಕಿ ಗಾಜು ದೊಡ್ಡ ಕೊಲೆಗಾರ. ಗಾಜಿನಲ್ಲಿ ಆಕಾಶ, ಮರ ಪ್ರತಿಫಲಿಸುತ್ತದೆ, ಹಕ್ಕಿ ಬೆದರಿ ಹಾರುವಾಗ ನೇರ ಬಡಿಯುತ್ತದೆ. ಫೀಡರ್ ಗಾಜಿನಿಂದ ಮೂರಡಿಯೊಳಗೆ ಇರಲಿ, ಆಗ ವೇಗ ಏರುವ ಮೊದಲೇ ಗಾಜು ಸಿಗುತ್ತದೆ. ಇಲ್ಲವೇ ಮೂವತ್ತಡಿ ಆಚೆ ಇರಲಿ. ನಡುವಿನ ಅಂತರವೇ ಅಪಾಯ. ಗಾಜಿನ ಹೊರಮೈಗೆ ಎರಡಿಂಚಿಗೊಂದರಂತೆ ಸುಣ್ಣದ ಚುಕ್ಕಿ ಇಟ್ಟರೂ ಆಗುತ್ತದೆ. ಬೈಕಿನ ಕನ್ನಡಿಗೆ ಪಿಕಳಾರ, ಮಡಿವಾಳ ಕುಕ್ಕುವುದನ್ನು ಎಲ್ಲರೂ ನೋಡಿದ್ದೀರಿ. ಅದಕ್ಕೆ ಅಲ್ಲಿ ಎದುರಾಳಿ ಕಾಣುತ್ತಿರುತ್ತದೆ. ದಿನವಿಡೀ ಕಾದಾಡಿ ಸುಸ್ತಾಗುತ್ತದೆ. ಕನ್ನಡಿಗೊಂದು ಹಳೇ ಕಾಲುಚೀಲ ತೊಡಿಸಿ.

ಪುಕ್ಕ ಉಬ್ಬಿಸಿಕೊಂಡು, ಹತ್ತಿರ ಹೋದರೂ ಹಾರದೆ ಕೂತ ಹಕ್ಕಿ, ಕಣ್ಣಿನ ಸುತ್ತ ಅಥವಾ ಕಾಲಿಗೆ ಗಂಟು ಬಂದ ಹಕ್ಕಿ ಕಂಡರೆ ಅದೇ ದಿನ ತಟ್ಟೆ, ಬಾಟಲಿ, ನೀರು ಎಲ್ಲ ತೆಗೆದುಬಿಡಿ. ಎರಡು ವಾರ ಖಾಲಿ ಇರಲಿ. ಹಕ್ಕಿಗಳು ಚದುರಿದರೆ ಸೋಂಕು ಒಂದರಿಂದ ಇನ್ನೊಂದಕ್ಕೆ ಅಂಟುವುದು ಕಡಿಮೆಯಾಗುತ್ತದೆ. ಮನೆಯಲ್ಲಿ ನಾಟಿ ಕೋಳಿ ಸಾಕಿದ್ದರೆ ಅವುಗಳ ನೀರು, ಕಾಳು ಕಾಡುಹಕ್ಕಿಗಳ ತಟ್ಟೆಯಿಂದ ದೂರ ಇರಬೇಕು. ಗಿಳಿಮರಿ, ರಾಟವಾಳ ಸಿಕ್ಕಿತೆಂದು ಪಂಜರಕ್ಕೆ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಎಷ್ಟೇ ಪ್ರೀತಿಯಿಂದ ಸಾಕಿದರೂ.

ಋತುವಿನ ಲೆಕ್ಕ ಹೀಗಿಟ್ಟುಕೊಳ್ಳಿ. ಫೆಬ್ರವರಿಯಿಂದ ಮೇವರೆಗೆ ನೀರು ಎರಡು ಹೊತ್ತು, ಹಣ್ಣು ದಿನಾ. ಮಳೆ ಹಿಡಿದ ಮೇಲೆ ಕಾಳು ಅರ್ಧಕ್ಕೆ ಇಳಿಸಿ, ನೆನೆದ ನವಣೆ ಒಂದೇ ದಿನದಲ್ಲಿ ಮೊಳಕೆ, ಮರುದಿನ ಬೂಷ್ಟು. ಅಕ್ಟೋಬರ್‌, ನವೆಂಬರಿನಲ್ಲಿ ಮೆಕ್ಕೆಜೋಳ, ಭತ್ತದ ಕೊಯ್ಲಿಗೆ ಗುಬ್ಬಿ, ರಾಟವಾಳ ಹೊಲಕ್ಕೆ ಹೋಗಿಬಿಡುತ್ತವೆ. ತಟ್ಟೆ ಹಾಗೇ ಉಳಿಯುತ್ತದೆ, ಗಾಬರಿ ಬೇಡ. ಅದೇ ಹೊತ್ತಿಗೆ ಗುಲಾಬಿ ಕಬ್ಬಕ್ಕಿಗಳ ದಂಡು ಬಯಲಿನಲ್ಲಿ ಇಳಿದಿರುತ್ತದೆ, ಹಿತ್ತಿಲಲ್ಲಿ ಹನಿ ನೀರಿಗೆ ಹೊಸ ಅತಿಥಿಗಳು.

ಕೊನೆಯದಾಗಿ, ಎಲ್ಲ ಕಡೆ ಕೇಳುವ ಪ್ರಶ್ನೆ: ಹತ್ತು ದಿನ ಊರಿಗೆ ಹೋದರೆ ಹಕ್ಕಿಗಳ ಗತಿಯೇನು? ಕಾಳಿನ ಚಿಂತೆ ಬೇಡ, ಅವಕ್ಕೆ ಬೇರೆ ನಾಲ್ಕು ಜಾಗ ಗೊತ್ತಿರುತ್ತದೆ. ಹೊರಡುವ ಮುಂಚಿನ ವಾರ ದಿನದಿನಕ್ಕೆ ಕಡಿಮೆ ಮಾಡುತ್ತ ಬನ್ನಿ, ತಟ್ಟೆ ತೊಳೆದು ಒಳಗಿಟ್ಟು ಹೋಗಿ. ರಾಶಿ ಸುರಿದು ಹೋಗಬೇಡಿ. ನೀರು ಮಾತ್ರ, ಮಾರ್ಚ್‌ನಿಂದ ಮೇ ನಡುವೆ ಆದರೆ, ಪಕ್ಕದ ಮನೆಯವರಿಗೆ ಹೇಳಿ ಹೋಗಿ. ತಟ್ಟೆ ತಿಕ್ಕುವ ನಾರನ್ನೂ ಅವರ ಕೈಗೆ ಕೊಟ್ಟು ಹೋಗಿ.